ಬೆಳ್ಳಗೆ ಒಣಗಿದ ಸಂಡಿಗೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮಾಚೇನಹಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿದ್ದೆ. ಕಬ್ಬಿಣದ ಅದಿರಿನ ಪುಡಿಗೆ ಕಲ್ಲಿದ್ದಲು ಬೆರೆಸಿ, ಸುಟ್ಟು ಗಟ್ಟಿ ಮಾಡಿ ಭದ್ರಾವತಿ ಕಡೆಯ ಲಾರಿಗಳಿಗೆ ತುಂಬುವ ಜಾಗ ಅದು. ಚಿಮಣಿಯ ಹೊಗೆ ಪರೀಕ್ಷಿಸಿ ಬರೆದಿಡುವುದು ನನ್ನ ಕೆಲಸ. ಮಲವಗೊಪ್ಪದಲ್ಲಿ ಬಾಡಿಗೆ ಕೋಣೆ. ಮನೆಯ ಒಡತಿಯನ್ನು ಅಕ್ಕ ಎನ್ನುತ್ತಿದ್ದೆ. ಅವರಿಗೆ ಉಬ್ಬಸವಿತ್ತು.

ಬೇಸಿಗೆಯಲ್ಲಿ ಅಕ್ಕ ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದರು. ಸಂಜೆಗೆ ಅದರ ತುಂಬ ಮಸಿ. "ನೋಡು ಮಾರಾಯ, ನಿಮ್ ಫ್ಯಾಕ್ಟ್ರಿ ಒಗ್ಗರಣೆ!" ಎಂದು ತಟ್ಟೆಯನ್ನೇ ನನ್ನ ಮೂಗಿಗೆ ಹಿಡಿಯುತ್ತಿದ್ದರು. ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ.

ಮುಂದಿನ ವರ್ಷ ಕಾರ್ಖಾನೆಯಲ್ಲಿ ಧೂಳು ಹಿಡಿಯುವ ಉದ್ದನೆಯ ಬಟ್ಟೆಚೀಲಗಳನ್ನು ಕೂರಿಸಿದರು. ಆ ಬೇಸಿಗೆ ಸಂಡಿಗೆ ಮಲ್ಲಿಗೆಯಷ್ಟು ಬೆಳ್ಳಗೆ ಒಣಗಿತು. ಅಕ್ಕ ಬಿಸಿಬಿಸಿ ಕರಿದು ತಂದುಕೊಟ್ಟರು. "ನಿನ್ ಪುಣ್ಯ ಕಣೋ. ಇನ್ಮೇಲೆ ಮಧ್ಯಾಹ್ನ ಕಿಟಕಿ ತೆಕ್ಕೊಂಡೇ ಮಲಗ್ತೀನಿ."

ಚೀಲ ಹಿಡಿಯುವುದು ಧೂಳನ್ನು ಮಾತ್ರ, ಕಣ್ಣಿಗೆ ಕಾಣದೆ ಉಬ್ಬಸ ಕೆರಳಿಸುವ ಗಂಧಕದ ಅನಿಲ ಬಟ್ಟೆಯನ್ನು ದಾಟಿ ಹಾಗೇ ಹೊರಗೆ ಹೋಗುತ್ತದೆ ಎಂಬುದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಅದಕ್ಕೆ ಸುಣ್ಣದ ನೀರು ಸಿಂಪಡಿಸುವ ಗೋಪುರ ಬೇಕು. ಗೋಪುರ ಇನ್ನೂ ಫೈಲಿನಲ್ಲೇ ಇತ್ತು. ಆದರೂ ಬಾಯಿ ಬಿಡಲಿಲ್ಲ. ಬೈಸಿಕೊಂಡು ಬೈಸಿಕೊಂಡು ಸಾಕಾಗಿದ್ದವನಿಗೆ ಆ ಹೊಗಳಿಕೆ ಹಿತವಾಗಿತ್ತು. ಕೊಟ್ಟದ್ದನ್ನೆಲ್ಲ ಕುರುಕುರು ತಿಂದೆ.

ಎರಡು ವಾರ ಕಳೆದಿರಬಹುದು. ಮಧ್ಯಾಹ್ನ ಊಟಕ್ಕೆ ಬಂದರೆ ಅಕ್ಕ ತೆರೆದ ಕಿಟಕಿಯ ಸರಳು ಹಿಡಿದು ನಿಂತಿದ್ದಾರೆ. ಎಳೆದ ಉಸಿರು ಒಳಗೆ ಹೋಗುತ್ತಿಲ್ಲ, ತುಟಿ ನೀಲಿಗಟ್ಟಿದೆ. ಆಟೋದಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದೆ. ಮೂರನೆಯ ದಿನ ಮಾತು ಬಂದಾಗ ಅವರು ಕೇಳಿದ್ದು ಇಷ್ಟೇ:

"ಸಂಡಿಗೆ ಬೆಳ್ಳಗಿತ್ತಲ್ಲೋ?"

ಎಲ್ಲವನ್ನೂ ಹೇಳಿದೆ.

"ನಿಂಗೆ ಆಗ್ಲೇ ಗೊತ್ತಿತ್ತಾ?"

"ಹೂಂ ಅಕ್ಕ."

ಅವರು ಗೋಡೆಯ ಕಡೆ ಹೊರಳಿ ಮಲಗಿದರು.

ಮರುದಿನದಿಂದ ನಾನು ಮ್ಯಾನೇಜರ ಬೆನ್ನು ಬಿಡಲಿಲ್ಲ. ಕೆಲಸ ಬಿಡುತ್ತೇನೆಂದೂ ಹೆದರಿಸಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಗೋಪುರ ಎದ್ದಿತು. ಅನಿಲ ಇಳಿದದ್ದನ್ನು ಮೂರು ಸಲ ಅಳೆದು ನೋಡಿ, ನೇರ ಮನೆಗೆ ಬಂದೆ.

"ಅಕ್ಕ, ಈಗ ನಿಜವಾಗ್ಲೂ ಕಡಿಮೆ ಆಗಿದೆ. ಕಿಟಕಿ ತೆಗೀಬಹುದು."

ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ.

"ಅವತ್ತು ಸಂಡಿಗೆ ತಿಂತಾ ಸುಮ್ನಿದ್ಯಲ್ಲ ಮಾರಾಯ. ಇವತ್ತು ನಿನ್ ಮಾತು ಕೇಳಿ ಹೆಂಗೆ ತೆಗೀಲಿ?"

ಆ ಮನೆಯಲ್ಲಿ ಇನ್ನೂ ನಾಲ್ಕು ವರ್ಷ ಇದ್ದೆ. ಆ ಕಿಟಕಿ ತೆರೆದದ್ದನ್ನು ಒಮ್ಮೆಯೂ ನೋಡಲಿಲ್ಲ.