ಬಾಲ ಕಳೆದುಕೊಂಡ ನವಿಲಿನ ವಕಾಲತ್ತು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತೆಕ್ಕಲಕೋಟೆಯಲ್ಲಿ ಹೊನ್ನೂರಮ್ಮನ ಗೂಡಂಗಡಿ ಪಕ್ಕದ ಕಟ್ಟೆಯ ಮೇಲೆ, ಕೋಟು ತೊಡೆಯ ಮೇಲಿಟ್ಟುಕೊಂಡು ಪಾಲಯ್ಯ ಕಿವಿಗೊಟ್ಟು ಕೂತಿದ್ದಾರೆ.

"ಯಕ್ಕಾ, ಒಂದು ಕಟ್ಟು ಕೋಳಿ ಬೀಡಿ ಕೊಡು."

ಗದ್ದೆಗೆ ಹೊರಟ ಇನ್ನೊಬ್ಬನೂ ಕೋಳಿ ಎನ್ನುತ್ತಾನೆ, ಮತ್ತೊಬ್ಬನೂ ಕೋಳಿಯೇ. ಪಾಲಯ್ಯ ಒಂದೊಂದನ್ನೂ ಬೆರಳಲ್ಲಿ ಎಣಿಸುತ್ತಾರೆ. ಅವರ ಕಂಪನಿಯ ಮಾರ್ಕು ಕೋಳಿಯಲ್ಲ, ನವಿಲು. ಇವತ್ತೇ ಬಳ್ಳಾರಿ ಕೋರ್ಟಿನಲ್ಲಿ ವಿಚಾರಣೆ, ಕಂಪನಿಯ ಕಡೆಗೆ ಹೊನ್ನೂರಮ್ಮನೇ ಸಾಕ್ಷಿ.

ಬಳ್ಳಾರಿಯ ಬೀಡಿ ಕಂಪನಿಯೊಂದರ ಕಾಯಿದೆ ವ್ಯವಹಾರವೆಲ್ಲ ಪಾಲಯ್ಯನವರದು. ಲಾ ಓದಿದವನು ಬೀಡಿ ಕಂಪನಿ ಸೇರಿದನಲ್ಲ ಎಂದು ನಕ್ಕವರೇ ಹೆಚ್ಚು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಗದ ಸಿಗದೆ ಕಂಪನಿಯ ಸಾಹುಕಾರ ಕೊಟ್ಟೂರಪ್ಪ ಲೇಬಲ್ಲನ್ನು ಚಿಕ್ಕದು ಮಾಡಿಸಿದರು. ನವಿಲಿನ ಬಾಲ ಕತ್ತರಿ ಪಾಲಾಯಿತು! ಬಾಲವಿಲ್ಲದ ಹಕ್ಕಿಯನ್ನು ಜನ ಕೋಳಿ ಎಂದರು. ಹೊಸ ಚಿತ್ರವನ್ನೂ ಜನ ಕರೆಯುವ ಹೆಸರನ್ನೂ ನೋಂದಾಯಿಸೋಣ ಎಂದು ಪಾಲಯ್ಯ ಬಡಕೊಂಡರು. "ಕಾಯಿದಿ ಆಮ್ಯಾಲ ನೋಡೂಣು, ಮೊದ್ಲು ಮಾಲು ಹೋಗ್ಲಿ" ಎಂದು ಸಾಹುಕಾರರು ಕಿವಿಗೇ ಹಾಕಿಕೊಳ್ಳಲಿಲ್ಲ.

ಈಗ ನೋಡಿ, ಸಿರುಗುಪ್ಪದ ವ್ಯಾಪಾರಿ ದೊಡ್ಡಬಸಪ್ಪ ಖರೇ ಕೋಳಿಯನ್ನೇ ಅಚ್ಚು ಹಾಕಿಸಿ ಬೀಡಿ ಬಿಟ್ಟಿದ್ದಾನೆ. ಕೇಳಿದರೆ, "ನಿಮ್ದು ನವಿಲು, ನಂದು ಕೋಳಿ. ನಿಮಗ್ಯಾಕ ಹೊಟ್ಟಿಉರಿ?" ಎನ್ನುತ್ತಾನೆ. ಎಂಥ ಭಂಡತನ! ಅದಕ್ಕೇ ಅವನ ಮೇಲೆ ಈ ದಾವೆ. ಇತ್ತ ಮಾಲು ಹೋಗದೆ ಕುರುಗೋಡಿನಲ್ಲಿ ಬೀಡಿ ಕಟ್ಟುವ ಹೆಂಗಸರು ಖಾಲಿ ಮೊರ ಮುಂದಿಟ್ಟುಕೊಂಡು ಕೂತಿದ್ದಾರೆ. ಕೋಳಿ ಎಂಬ ಹೆಸರು ಕೈತಪ್ಪಿದರೆ ಕಂಪನಿ ಬಾಗಿಲು ಹಾಕಿದಂತೆಯೇ.

ಕೋರ್ಟಿನ ಮೆಟ್ಟಿಲ ಬಳಿ ಕೊಟ್ಟೂರಪ್ಪ ಕಾಯುತ್ತಿದ್ದಾರೆ. "ಪಾಲಯ್ನೋರೆ, ಆಯಮ್ಮಗ ನವಿಲು ಅನ್ನಾಕ ಹೇಳ್ರಿ. ಇಲ್ಲಾಂದ್ರ ಮುಳುಗಿದ್ವಿ."

"ಹೇಳಂಗಿಲ್ರಿ ಸಾವ್ಕಾರ್ರೆ. ಕಾಗದದ ಮ್ಯಾಲಿನ ಹಕ್ಕಿ ಅಲ್ಲ ನಮ್ಮ ಆಸ್ತಿ. ಗಿರಾಕಿ ಬಾಯಾಗ ಬರೋ ಹೆಸರು ನಮ್ಮ ಆಸ್ತಿ. ಅದನ್ನ ಮುಚ್ಚಿಟ್ರ ನಾವ ಅವನಿಗೆ ಬಿಟ್ಟುಕೊಟ್ಟಂಗ."

ಹೇಳಿ ಪಾಲಯ್ಯ ಮೆಟ್ಟಿಲು ಹತ್ತುತ್ತಾರೆ.

ಎದುರು ವಕೀಲರು ಬಾಲವಿಲ್ಲದ ನವಿಲಿನ ಲೇಬಲ್ಲನ್ನು ಹೊನ್ನೂರಮ್ಮನ ಮುಂದೆ ಹಿಡಿಯುತ್ತಾರೆ. "ಏನಮ್ಮಾ ಇದು?"

"ಕೋಳಿ ರೀ."

ಕೋರ್ಟು ಗೊಳ್ಳೆಂದು ನಗುತ್ತದೆ. ಕೊಟ್ಟೂರಪ್ಪ ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ಕಂಪನಿಯ ಸಂಬಳದವರಾದ ಪಾಲಯ್ಯ ತಾವೇ ವಾದಿಸುವಂತಿಲ್ಲ; ಬಗ್ಗಿ ತಮ್ಮ ಕಡೆಯ ವಕೀಲರ ಕಿವಿಯಲ್ಲಿ ಏನೋ ಉಸುರುತ್ತಾರೆ. ವಕೀಲರು ಎದ್ದು ಕೇಳುತ್ತಾರೆ: "ಯಾವಾಗಿನಿಂದ ಇದನ್ನು ಕೋಳಿ ಅಂತೀರಿ?"

"ಯುದ್ಧ ನಡದಿತ್ತಲ್ರೀ, ಆವಾಗಿಂದ. ದೊಡ್ಡಬಸಪ್ಪನ ಬೀಡಿ ಆವಾಗ ಎಲ್ಲಿತ್ರೀ? ಈಗ ಅವನ ಬೀಡಿ ಒಯ್ದೋರು ವಾಪಸ್ ತಂದು ನನ್ನ ಬೈತಾರ, ಇದು ನಮ್ಮ ಕೋಳಿ ಅಲ್ಲ ಅಂತ."

ನಗು ನಿಂತುಹೋಗುತ್ತದೆ. ನ್ಯಾಯಾಧೀಶರು ಎರಡೂ ಲೇಬಲ್ಲುಗಳನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡುತ್ತಾರೆ.

ಸಂಜೆಗೆ ತೀರ್ಪು: ಕೋಳಿ ಎಂಬ ಹೆಸರು ಮೊದಲಿನಿಂದ ಕೊಟ್ಟೂರಪ್ಪನವರ ಬೀಡಿಯದೇ; ದೊಡ್ಡಬಸಪ್ಪ ಕೋಳಿ ಚಿತ್ರದ ಬೀಡಿ ಮಾರಕೂಡದು.

ಕೊಟ್ಟೂರಪ್ಪ ಓಡಿಬಂದು ಪಾಲಯ್ಯನವರನ್ನು ತಬ್ಬಿಕೊಳ್ಳುತ್ತಾರೆ. "ನಮ್ಮ ಮಾನ ಉಳಿಸಿದ್ರಿ! ಏನ ಬೇಕು ಕೇಳ್ರಿ, ಇಲ್ಲ ಅನ್ನಂಗಿಲ್ಲ."

ಪಾಲಯ್ಯ ಮುಖ ಒರೆಸಿಕೊಳ್ಳುತ್ತಾರೆ.

"ಮುಂದಿನ ಮಾಲಿಗೆ ಹೆಸರಿಡೋ ದಿನ ನನ್ನನ್ನೂ ಕರೀರಿ ಸಾವ್ಕಾರ್ರೆ. ಇಷ್ಟು ವರ್ಷ ಬರೇ ಜಗಳಕ್ಕ ಕರದೀರಿ."