ಗಂಡನ ಹೆಸರಿನ ಫಿಲ್ಟರ್

ಮದುವೆಗೆ ಮುಂಚೆ ರಂಜಿನಿ ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಇಮೇಜ್ ಪ್ರೊಸೆಸಿಂಗ್ ಪಾಠ ಮಾಡುತ್ತಿದ್ದಳು. 2003ರಲ್ಲಿ ಗಂಡ ಸುಮುಖನ ಜೊತೆ ಸಿಯಾಟಲ್ ಪಕ್ಕದ ಲಿನ್‌ವುಡ್‌ಗೆ ಬಂದಳು. ಅವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಸುಮುಖ್ ಕಾರು ತೆಗೆದುಕೊಂಡು ಹೋದಮೇಲೆ ಅವಳು ನಡೆದು ಹೋಗಬಹುದಾದ ಜಾಗವೆಂದರೆ ರಸ್ತೆ ಬದಿಯ ಅಂಗಡಿ ಸಾಲು ಮಾತ್ರ.

ಸುಮುಖನ ಕಂಪನಿ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ ತಿದ್ದುವ ಸಾಫ್ಟ್‌ವೇರ್ ತಯಾರಿಸುತ್ತಿತ್ತು. ಒಂದು ಶನಿವಾರ ಅವನು ಲ್ಯಾಪ್‌ಟಾಪ್ ಮುಂದೆ ತಲೆ ಹಿಡಿದು ಕೂತಿದ್ದ. ಮಸುಕಾದ ಫೋಟೋ ಸ್ಪಷ್ಟವಾಗಬೇಕಿತ್ತು. ಅದರ ಬದಲು ಮುಖಗಳ ಮೇಲೆಲ್ಲ ಗೀರು ಎಳೆದಂತಾಗುತ್ತಿತ್ತು. ರಂಜಿನಿ ಹಿಂದೆ ನಿಂತು ಕೋಡ್ ಓದಿದಳು. ಒಂಬತ್ತು ಅಂಕಿಗಳ ಒಂದು ಚೌಕ. ಅದನ್ನು ಚಿತ್ರದ ಪ್ರತಿ ಚುಕ್ಕಿಯ ಮೇಲಿಟ್ಟು, ಆ ಚುಕ್ಕಿಯನ್ನೂ ಸುತ್ತಲಿನ ಎಂಟನ್ನೂ ಆ ಅಂಕಿಗಳಿಂದ ಗುಣಿಸಿ ಕೂಡಿದರೆ ಹೊಸ ಚುಕ್ಕಿ ಸಿಗುತ್ತದೆ. ಚೌಕ ಸರಿಯಾಗಿಯೇ ಇತ್ತು.

"ಉತ್ತರಾನ ಅದೇ ಚಿತ್ರದ ಮೇಲೆ ಬರೀತಿದೀರಿ," ಎಂದಳು. "ಮುಂದಿನ ಚುಕ್ಕಿ ಲೆಕ್ಕ ಹಾಕೋವಾಗ ಪಕ್ಕದ್ದು ಆಗ್ಲೇ ಬದಲಾಗಿರುತ್ತೆ. ಇನ್ನೊಂದು ಕಾಪಿ ಇಟ್ಕೊಂಡು ಅದರಲ್ಲಿ ಬರೀರಿ."

ಗೀರುಗಳು ಹೋದವು. ಆಮೇಲೆ ಸುಮುಖ್ ಪ್ರತಿ ವಾರ ಏನಾದರೂ ತರುತ್ತಿದ್ದ: ಆಕಾಶದ ತುಂಬ ರವೆಯಂತೆ ಏಳುವ ಚುಕ್ಕಿಗಳು, ಚಿತ್ರದ ಅಂಚಿಗೆ ಬರುವ ಕಪ್ಪು ಗೆರೆ. ಮೊದಲು ಹದವಾಗಿ ಮಸುಕು ಮಾಡಿ, ಆಮೇಲೆ ಚಿತ್ರದೊಳಗಿನ ಆಕಾರಗಳ ಅಂಚುಗಳನ್ನಷ್ಟೇ ಚೂಪು ಮಾಡುವ ಫಿಲ್ಟರೊಂದನ್ನು ರಂಜಿನಿ ಪೂರ್ತಿ ತಾನೇ ಕಟ್ಟಿದಳು. ಅಕ್ಕಿ ತೊಳೆಯುವಾಗಲೂ ಅದೇ ಯೋಚನೆ. ಆಗ ಅವಳು ಖುಷಿಯಾಗಿದ್ದಳು. ಅದನ್ನು ನೆನೆದರೆ ಈಗ ತನ್ನ ಮೇಲೆಯೇ ಸಿಟ್ಟು ಬರುತ್ತದೆ.

ಆ ಫಿಲ್ಟರಿಗೆ ಸುಮುಖನ ಹೆಸರಲ್ಲಿ ಪೇಟೆಂಟ್ ಆಯಿತು. ಬಡ್ತಿಯೂ ಬಂತು. ಮನೆಯಲ್ಲಿ ಊಟಕ್ಕೆ ಕರೆದಾಗ ಸಹೋದ್ಯೋಗಿ ಧನಂಜಯ, ಇದು ಹೇಗೆ ಹೊಳೆಯಿತು ಎಂದು ಕೇಳಿದ. ಡ್ರೈವ್ ಮಾಡುವಾಗ ಎಂದ ಸುಮುಖ್, ಬಿಸಿಬೇಳೆಬಾತ್ ಬಡಿಸುತ್ತಿದ್ದ ಹೆಂಡತಿಯ ಕಡೆ ನೋಡಲಿಲ್ಲ. ಎಲ್ಲರೂ ಹೋದಮೇಲೆ, ನನ್ನ ಹೆಸರೇಕೆ ಹೇಳಲಿಲ್ಲ ಎಂದು ಅವಳು ಕೇಳಿದಳು. ಕೆಲಸ ಮಾಡಬಾರದ ವೀಸಾದಲ್ಲಿರುವವಳ ಹೆಸರು ಹೇಳುವುದು ಹೇಗೆ ಎಂದ. ಅವಳು ಒಪ್ಪಿಕೊಂಡಳು.

2008ರಲ್ಲಿ ಗ್ರೀನ್ ಕಾರ್ಡ್ ಬಂತು; ಇನ್ನು ಅವಳೂ ಕೆಲಸ ಮಾಡಬಹುದಿತ್ತು. ನಿಮ್ಮ ತಂಡದಲ್ಲಿ ಜಾಗ ಖಾಲಿಯಿದೆಯಲ್ಲ, ನನ್ನ ಹೆಸರು ಕೊಡಿ ಎಂದಳು.

"ಬೇಡ. ನೀನಲ್ಲಿ ಬಂದು ಬಾಯಿ ಬಿಟ್ರೆ ಎಲ್ಲರಿಗೂ ಗೊತ್ತಾಗುತ್ತೆ."

"ಗೊತ್ತಾಗ್ಲಿ."

"ನಮ್ಮನೆ ನಡೀತಿರೋದೇ ಆ ಕೆಲಸದಿಂದ, ರಂಜಿನಿ."

ಬೇರೆ ಕಡೆ ಅರ್ಜಿ ಹಾಕಿದಳು. ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಎಲ್ಲರೂ ಕೇಳಿದರು. ಮನೆ ನೋಡಿಕೊಳ್ಳುತ್ತಿದ್ದೆ ಎಂದು ಹೇಳಿ ಬಂದಳು. ಇದ್ದವರನ್ನೇ ಕೆಲಸದಿಂದ ತೆಗೆಯುತ್ತಿದ್ದ ಕಾಲ ಅದು. ಕೊನೆಗೆ ಮಕ್ಕಳಿಗೆ ಗಣಿತ ಹೇಳಿಕೊಡುವ ಟ್ಯೂಷನ್ ಸೆಂಟರಿನಲ್ಲಿ ಕೆಲಸ ಸಿಕ್ಕಿತು.

ಸುಮುಖ್ ಮತ್ತೊಮ್ಮೆ ಲ್ಯಾಪ್‌ಟಾಪ್ ತಂದು ಅವಳ ಮುಂದಿಟ್ಟ. ಅವಳು ಎದ್ದು ಒಳಗೆ ಹೋದಳು. ಫಿಲ್ಟರಿನ ಮುಂದಿನ ಆವೃತ್ತಿ ಅವನಿಂದ ಆಗಲಿಲ್ಲ. ಕಂಪನಿ ಅವನನ್ನು ಬೇರೆ ತಂಡಕ್ಕೆ ಹಾಕಿತು. ಹುದ್ದೆ, ಸಂಬಳ ಹಾಗೇ ಉಳಿದವು.

ರಂಜಿನಿ ಯಾಕೆ ಕಂಪನಿ ಕೆಲಸಕ್ಕೆ ಹೋಗಲಿಲ್ಲ ಎಂದು ಯಾರಾದರೂ ಕೇಳಿದರೆ ಸುಮುಖ್, ಅವಳಿಗೆ ಕೋಡಿಂಗ್ ಅಂದರೆ ಅಷ್ಟಕ್ಕಷ್ಟೆ, ಮಕ್ಕಳೆಂದರೆ ಇಷ್ಟ ಎನ್ನುತ್ತಾನೆ. ಪಕ್ಕದಲ್ಲೇ ಕೂತ ರಂಜಿನಿ ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ.