ಕಾಗದದಲ್ಲಿ ಬಿಟ್ಟುಹೋದ ಇಲಿ

ಬಾಳೂರಿನ ನಮ್ಮ ಮನೆಯಲ್ಲಿ ಆಟಿ ಸೊಪ್ಪಿಗೆ ವರ್ಷದಲ್ಲಿ ಒಂದೇ ದಿನ. ಮಳೆಗಾಲದ ಆಟಿ ತಿಂಗಳ ಹದಿನೆಂಟರಂದು ಅಮ್ಮ ಕಾಫಿ ತೋಟದ ಅಂಚಿನಿಂದ ಆ ಸೊಪ್ಪು ಕೊಯ್ದು ತಂದು ಕುದಿಸಿ, ಕಡುನೇರಳೆ ರಸಕ್ಕೆ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡುತ್ತಿದ್ದಳು. ಅಂದು ಅದರೊಳಗೆ ಹದಿನೆಂಟು ಮದ್ದು ಸೇರಿರುತ್ತವೆ ಎಂಬುದು ಅವಳ ನಂಬಿಕೆ. ಮರುದಿನ ಮೂತ್ರ ಕೆಂಪಗೆ ಹೋದರೆ ಮದ್ದು ಮೈಗೆ ಹಿಡಿಯಿತೆಂದು ಅರ್ಥ. ಆದರೆ ಹತ್ತೊಂಬತ್ತಕ್ಕೆ ಇನ್ನೊಂದು ಲೋಟ ಕೇಳಿದರೆ ಸಿಗುತ್ತಿರಲಿಲ್ಲ. “ಮದ್ದು ಅಂದ್ರೆ ಊಟ ಅಲ್ಲ ಮಾರಾಯ್ತಿ” ಎನ್ನುತ್ತಿದ್ದಳು.

ಎಂಬತ್ತರ ದಶಕದ ಮೊದಲಿಗೆ ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಪ್ರಾಜೆಕ್ಟಿಗೆ ಒಂದು ಗಿಡ ಬೇಕಾಯಿತು. ಅದೇ ಸೊಪ್ಪನ್ನು ಒಯ್ದೆ. ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ನೆನೆಸಿ ಸಾರ ತೆಗೆದೆ. ಸಾರ ಬೆರೆಸಿದ ಎಣ್ಣೆ ಬೇಗ ಕಮಟಾಗಲಿಲ್ಲ. ಆಮೇಲೆ ಇಲಿಗಳ ಪಾದಕ್ಕೆ ಸೂಜಿ ಚುಚ್ಚಿ ಬಾವು ಬರಿಸಿದೆವು. ಸಾರ ಕುಡಿದಿದ್ದ ಇಲಿಗಳಿಗೆ ಬಾವು ಕಡಿಮೆ ಬಂತು. ನನಗೋ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂದೇ ಅಮ್ಮನಿಗೆ ಕಾಗದ ಬರೆದೆ: “ನಿನ್ನ ಸೊಪ್ಪು ಬಾವು ಇಳಿಸುತ್ತದೆ. ನಾನೇ ಕಣ್ಣಾರೆ ಕಂಡೆ.”

ಇಲಿಯ ವಿಷಯ ಬರೆಯಲಿಲ್ಲ. ಅಕ್ಕಿ ಮೂಟೆ ಕೊರೆಯುವ ಪ್ರಾಣಿಗೆ ಆಟಿಯ ಮದ್ದು ಕುಡಿಸಿದೆ ಎಂದರೆ ಅಮ್ಮ ಉಗಿಯುತ್ತಾಳೆಂಬ ಭಯ ಒಂದು ಕಡೆ. ಇಲಿ ಬಂದರೆ ನನ್ನ ಸಾಧನೆ ಸಣ್ಣದಾಗಿ ಕಾಣುತ್ತದೆ ಎಂಬ ಜಂಬವೂ ಇತ್ತು; ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು.

ಅಮ್ಮನಿಗೆ ಓದು ಬರದು. ಪಕ್ಕದ ಮನೆಯ ಜೀಪು ರಿಪೇರಿಯ ಸಾಹೇಬರು ಕಾಗದ ಓದಿ ಹೇಳಿದರು. ಆಗಲೇ ಎರಡು ವರ್ಷದಿಂದ ಅವಳಿಗೆ ಮಂಡಿಯಲ್ಲಿ, ಬೆರಳ ಗೆಣ್ಣುಗಳಲ್ಲಿ ಬಾವು. ಮೂಡಿಗೆರೆಯ ಡಾಕ್ಟರು ಕೊಟ್ಟ ಗುಳಿಗೆ ನುಂಗುತ್ತಿದ್ದಳು.

ಬೇಸಿಗೆ ರಜೆಗೆ ನಾನು ಬಂದಾಗ ಅಮ್ಮ ಬಾಗಿಲಿಗೆ ಬರಲಿಲ್ಲ. ಗೋಡೆಗೊರಗಿ ಕೂತಿದ್ದಳು. ಮಂಡಿಗಳು ಊದಿ ಬಿಗಿದುಹೋಗಿದ್ದವು. ಪಕ್ಕದಲ್ಲಿ ನೇರಳೆ ಕಲೆ ಹಿಡಿದ ಲೋಟ. ಗುಳಿಗೆ ಬಿಟ್ಟು, ಮೂರು ತಿಂಗಳಿಂದ ದಿನಕ್ಕೆರಡು ಹೊತ್ತು ಆ ಸೊಪ್ಪಿನ ರಸ ಕುಡಿಯುತ್ತಿದ್ದಳು.

“ಒಂದು ದಿನಕ್ಕಿಂತ ಹೆಚ್ಚು ಬೇಡ ಅಂತ ನೀನೇ ಹೇಳ್ತಿದ್ದೆಯಲ್ಲ!” ಎಂದು ರೇಗಿದೆ.

“ಅದು ನಮ್ಮಮ್ಮ ಹೇಳಿದ ಮಾತು. ನೀನು ಓದಿದವ್ಳು. ಕಣ್ಣಾರೆ ಕಂಡೆ ಅಂತ ಬರ್ದಿದ್ದೆ” ಎಂದಳು ಅಮ್ಮ. ಆಮೇಲೆ ಕೇಳಿದಳು: “ಹೌದು, ಅದು ಯಾರಿಗೆ ಇಳೀತು? ಅವ್ರು ಎಷ್ಟು ದಿನ ಕುಡಿದ್ರು?”

“ಇಲಿಗೆ” ಎಂದೆ. “ಒಂದೇ ಸಲ ಕುಡಿಸಿದ್ದು.”

ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ಊದಿದ ಬೆರಳುಗಳಿಂದ ಲೋಟವನ್ನು ಮೆಲ್ಲಗೆ ದೂರ ಸರಿಸಿದಳು. ನಾಚಿಕೆಯಿಂದ ನನಗೆ ಅಳು ಬಂತು.

ಡಾಕ್ಟರು ಮತ್ತೆ ಗುಳಿಗೆ ಶುರುಮಾಡಿದರು. ಬಾವು ಇಳಿಯಿತು, ಆದರೆ ಎಡಗಾಲು ಮೊದಲಿನ ಹಾಗೆ ನೀಡಲು ಬರಲೇ ಇಲ್ಲ. ಹದಿನೆಂಟು ಮದ್ದು ಎಂಬ ಮಾತಿಗೆ ನಾನು ನಗುತ್ತಿದ್ದೆ. ಅದೇ ಕಟ್ಟಳೆಯೊಳಗೆ ಒಂದೇ ದಿನ ಎಂಬ ಅಳತೆಯೂ ಇತ್ತು. ಅದನ್ನು ಮುರಿದದ್ದು ನನ್ನ ಕಾಗದ.

ಆಟಿಯ ಪಾಯಸವನ್ನು ಅಮ್ಮ ಬಿಡಲಿಲ್ಲ, ಹದಿನೆಂಟರಂದು ಒಂದೇ ಲೋಟ. ನಾನು ಕಾಗದ ಬರೆಯುವುದನ್ನೂ ಬಿಡಲಿಲ್ಲ. ಸಾಹೇಬರು ಓದಲು ಬಿಡಿಸಿದಾಗಲೆಲ್ಲ ಅಮ್ಮ ನಡುವೆ ತಡೆದು ಕೇಳುತ್ತಿದ್ದಳಂತೆ:

“ಇದು ಮನುಷ್ಯರ ವಿಷಯನಾ, ಇಲಿದಾ? ಸರಿಯಾಗಿ ನೋಡಿ ಸಾಹೇಬ್ರೇ.”